ಒಟ್ಟಿ ಬಿಡಬೇಕಾ, ಕ್ಯಾಲೊರಿ ಎಣಿಸಬೇಕಾ? ನಿಧಾನಕ್ಕೆ ತೂಕ ಇಳಿಸುವ ದಾರಿಗಳ ಹೋಲಿಕೆ

ಕೊಡಗಿನಲ್ಲಿ ತೂಕ ಇಳಿಸುವ ಬಗ್ಗೆ ಕೇಳುವವರ ಗೊಂದಲ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಅಕ್ಕ ಫೋನಿನಲ್ಲಿ ಆ್ಯಪ್ ಹಾಕಿಕೊಂಡು ಕ್ಯಾಲೊರಿ ಎಣಿಸುತ್ತಿದ್ದಾಳೆ. ಪಕ್ಕದ ಮನೆಯವರು ರಾತ್ರಿ ಊಟ ಬಿಟ್ಟಿದ್ದಾರೆ. ಕ್ಲಬ್ಬಿನಲ್ಲಿ ಸಿಕ್ಕವರೊಬ್ಬರು, ಒಟ್ಟಿ (ಅಕ್ಕಿ ರೊಟ್ಟಿ), ಕಡಂಬುಟ್ಟು (ಅಕ್ಕಿತರಿಯ ಉಂಡೆ) ಮುಟ್ಟದೆ ಬರೀ ಪಂದಿ ಕರಿ (ಹಂದಿ ಮಾಂಸದ ಕರಿ) ತಿಂದೇ ಇಳಿದೆ ಅನ್ನುತ್ತಾರೆ. ಮತ್ತೊಬ್ಬರು ಡಬ್ಬಿ ಪೌಡರ್ ಹಿಡಿದುಕೊಂಡು ಮನೆಗೇ ಬಂದಿದ್ದಾರೆ. ಇದರಲ್ಲಿ ನಾನು ಯಾವುದನ್ನು ಹಿಡಿಯಲಿ?

ಎಲ್ಲ ದಾರಿಗಳೂ ಮಾಡುವ ಕೆಲಸ ಒಂದೇ. ದೇಹ ಖರ್ಚು ಮಾಡುವುದಕ್ಕಿಂತ ತುಸು ಕಡಿಮೆ ತಿನ್ನುವ ಹಾಗೆ ಮಾಡುವುದು. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದರು. ಒಂದು ಗುಂಪಿಗೆ ಕೊಬ್ಬು ಕಡಿಮೆ ಇರುವ ಊಟ, ಇನ್ನೊಂದಕ್ಕೆ ಪಿಷ್ಟ ಕಡಿಮೆ ಇರುವ ಊಟ. ಮೊದಲನೆಯವರು ಸರಾಸರಿ 5.3 ಕೆಜಿ ಇಳಿದರು, ಎರಡನೆಯವರು 6 ಕೆಜಿ. ಹೇಳಿಕೊಳ್ಳುವಂಥ ವ್ಯತ್ಯಾಸ ಏನಿಲ್ಲ. ಆದರೆ ಎರಡೂ ಗುಂಪಿನ ಒಳಗೇ ಕೆಲವರು ತುಂಬ ಇಳಿದಿದ್ದರು, ಕೆಲವರು ಏರಿಯೂ ಇದ್ದರು. ಹಾಗಾಗಿ ಯಾವ ದಾರಿ ಶ್ರೇಷ್ಠ ಎಂಬ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ನಿಮ್ಮ ಮನೆಯಲ್ಲಿ ಜಾಸ್ತಿ ಎಲ್ಲಿಂದ ಬರುತ್ತಿದೆ ಎಂದು ಮೊದಲು ನೋಡಿ. ಆ ಜಾಗಕ್ಕೇ ಕೈ ಹಾಕುವ ದಾರಿ ನಿಮ್ಮದು.

ಮೊದಲು ಎಷ್ಟು ಕಡಿಮೆ ಮಾಡಬೇಕು?

ಒಂದು ಕೆಜಿ ಮೈಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 300ರಿಂದ 500 ಕಡಿಮೆ ಮಾಡಿದರೆ ತಿಂಗಳಿಗೆ ಒಂದರಿಂದ ಎರಡು ಕೆಜಿ ಇಳಿಯುತ್ತದೆ. ದಿನ ಕಳೆದಂತೆ ಈ ವೇಗ ತಗ್ಗುತ್ತದೆ, ಏಕೆಂದರೆ ಹಗುರಾದ ದೇಹಕ್ಕೆ ಖರ್ಚೂ ಕಡಿಮೆ. ಇದಕ್ಕಿಂತ ಅವಸರ ಮಾಡಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ.

ನಿಮ್ಮ ಖರ್ಚು ಎಷ್ಟು ಎಂದು ತಿಳಿಯಲು ಒಂದು ಸುಲಭದ ಲೆಕ್ಕ ಇದೆ. ತೂಕವನ್ನು 10ರಿಂದ, ಸೆಂಟಿಮೀಟರ್‌ನಲ್ಲಿ ಎತ್ತರವನ್ನು 6.25ರಿಂದ ಗುಣಿಸಿ ಕೂಡಿ. ಅದರಲ್ಲಿ ವಯಸ್ಸಿನ ಐದು ಪಟ್ಟನ್ನು ಕಳೆಯಿರಿ. ಹೆಂಗಸರಾದರೆ ಇನ್ನೂ 161 ಕಳೆಯಿರಿ, ಗಂಡಸರಾದರೆ 5 ಕೂಡಿ. ಬಂದದ್ದನ್ನು ಕೂತು ಕೆಲಸ ಮಾಡುವವರು 1.4ರಿಂದ, ತೋಟ ಸುತ್ತುವವರು 1.6ರಿಂದ ಗುಣಿಸಿ. 45 ವರ್ಷದ, 155 ಸೆಂ.ಮೀ. ಎತ್ತರದ, 70 ಕೆಜಿಯ ಗೃಹಿಣಿಗೆ ಇದು ಸುಮಾರು 1,800 ಬರುತ್ತದೆ. ಅವರು 1,400ಕ್ಕೆ ಇಳಿದರೆ ಸಾಕು. ವೈದ್ಯರ ಕಣ್ಗಾವಲು ಇಲ್ಲದೆ ಹೆಂಗಸರು 1,200ಕ್ಕಿಂತ, ಗಂಡಸರು 1,500ಕ್ಕಿಂತ ಕೆಳಗೆ ಹೋಗುವುದು ಬೇಡ.

ಎಷ್ಟು ಇಳಿಯಬೇಕು ಎನ್ನುವುದಕ್ಕೂ ಒಂದು ಗುರುತು ಇರಲಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ನಮ್ಮ ದೇಶದವರ ಮಟ್ಟಿಗೆ ಎಚ್ಚರಿಕೆಯ ಗಂಟೆ. ಹಾಗಂತ ಮದುವೆ ಫೋಟೋದಲ್ಲಿ ಇದ್ದ ತೂಕಕ್ಕೇ ಮರಳಬೇಕಿಲ್ಲ. ಈಗಿನ ತೂಕದ 5ರಿಂದ 10 ಶೇಕಡ ಇಳಿದರೂ ಸಕ್ಕರೆ, ಬಿ.ಪಿ. ಎರಡೂ ಸುಧಾರಿಸುತ್ತವೆ.

ಯಾವ ಅಳತೆಗೋಲಿನಿಂದ ನೋಡಬೇಕು?

ನಾನು ಮೊದಲು ನೋಡುವುದು ಆರು ತಿಂಗಳು ನಡೆಯುತ್ತದಾ ಅಂತ. ಇಲ್ಲಿ ಆರು ತಿಂಗಳು ಎಂದರೆ ಸುಮ್ನೆ ಅಲ್ಲ. ಅದರೊಳಗೆ ಒಂದು ರಾಶಿ ಮದುವೆ ಬರುತ್ತವೆ. ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್ ಹಬ್ಬ, ಅದಾಗಿ ಕಾವೇರಿ ಸಂಕ್ರಮಣ, ಮತ್ತೆ ಸುಗ್ಗಿಯ ಹಬ್ಬ ಪುತ್ತರಿ. ಜೂನ್ ಬಂತೆಂದರೆ ಮಳೆ. ಸಂಜೆಯ ನಡಿಗೆ ನಿಲ್ಲುತ್ತದೆ, ಒಲೆ ಮುಂದೆ ಕೂತು ಬಜ್ಜಿ ತಿನ್ನುವುದು ಶುರುವಾಗುತ್ತದೆ. ಈ ಕ್ಯಾಲೆಂಡರ್ ತಡೆದುಕೊಳ್ಳದ ಪಥ್ಯ ಎಷ್ಟು ವೈಜ್ಞಾನಿಕವಾಗಿದ್ದರೂ ನಮಗೆ ಆಗಿಬರುವುದಿಲ್ಲ.

ಎರಡನೆಯದು ಅಡುಗೆಮನೆ. ಒಬ್ಬರಿಗೆ ಬೇರೆ, ಉಳಿದವರಿಗೆ ಬೇರೆ ಅಂತ ಎರಡೆರಡು ಅಡುಗೆ ಮಾಡುವ ಪದ್ಧತಿ ಒಂದು ತಿಂಗಳು ನಡೆದರೆ ಹೆಚ್ಚು. ಅದರಲ್ಲೂ ಅಡುಗೆ ಮಾಡುವವರೇ ತೂಕ ಇಳಿಸಬೇಕಾದವರು ಆಗಿದ್ದರೆ ಕೇಳುವುದೇ ಬೇಡ.

ಮೂರನೆಯದು ಹಸಿವು. ಪ್ರೊಟೀನ್ ಸಾಲದಿದ್ದರೆ ಹೊಟ್ಟೆ ಬೇಗ ಖಾಲಿಯಾಗುತ್ತದೆ, ಮಾಂಸಖಂಡವೂ ಸೊರಗುತ್ತದೆ. ದೊಡ್ಡವರಿಗೆ ದೇಹದ ಒಂದು ಕೆಜಿಗೆ ಸುಮಾರು 0.83 ಗ್ರಾಂ ಪ್ರೊಟೀನ್ ಬೇಕು. ತೂಕ ಇಳಿಸುವಾಗ ಒಂದು ಗ್ರಾಂ ಅಥವಾ ತುಸು ಜಾಸ್ತಿಯೇ ಇರಲಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಕ್ಯಾಲೊರಿ 70ರ ಮೇಲೆ ಸ್ವಲ್ಪ. ಲೆಕ್ಕಕ್ಕೆ ಇದು ನೆನಪಿದ್ದರೆ ಸಾಕು.

ಉಳಿದದ್ದು ಖರ್ಚು, ಮತ್ತು ನಿಮಗೆ ಈಗಾಗಲೇ ಇರುವ ಕಾಯಿಲೆ. ಬಸುರಿಯರು, ಹಾಲುಣಿಸುವ ತಾಯಂದಿರು, ಮಕ್ಕಳು ಈ ಬರಹದಲ್ಲಿರುವ ಯಾವುದನ್ನೂ ಸ್ವಂತ ತೀರ್ಮಾನದಿಂದ ಮಾಡಬಾರದು.

ಆ್ಯಪ್ ಮತ್ತು ತಕ್ಕಡಿ

ಎಲ್ಲಕ್ಕಿಂತ ಕರಾರುವಾಕ್ಕಾದ ದಾರಿ ಇದು. ಅಡುಗೆಮನೆಯ ಡಿಜಿಟಲ್ ತಕ್ಕಡಿಗೆ ಕೆಲವು ನೂರು ರೂಪಾಯಿ, ಆ್ಯಪ್‌ಗೆ ಏನೂ ಇಲ್ಲ. ದುಡ್ಡು ಕೊಡುವ ಆವೃತ್ತಿಯ ಅಗತ್ಯ ನನಗೆ ಕಂಡಿಲ್ಲ.

ತೊಂದರೆ ಇರುವುದು ನಮ್ಮ ಅಡುಗೆಯಲ್ಲಿ. ಆ್ಯಪ್‌ನಲ್ಲಿ ಕಡಂಬುಟ್ಟು ಹುಡುಕಿದರೆ ಸಿಗಬಹುದು, ಆದರೆ ಯಾರ ಮನೆಯ ಕಡಂಬುಟ್ಟು? ಒಬ್ಬರ ಮನೆಯಲ್ಲಿ ನಿಂಬೆಹಣ್ಣಿನ ಗಾತ್ರ, ಇನ್ನೊಬ್ಬರ ಮನೆಯಲ್ಲಿ ಕಿತ್ತಳೆಯ ಗಾತ್ರ. ಅದಕ್ಕೇ ಒಂದು ಸಲ ನೀವೇ ಲೆಕ್ಕ ಹಾಕಿಟ್ಟುಕೊಳ್ಳಿ. ಅಕ್ಕಿ, ಅಕ್ಕಿತರಿ, ಅಕ್ಕಿಹಿಟ್ಟು ಯಾವುದೇ ಆಗಲಿ, ಒಣಗಿದ್ದು 100 ಗ್ರಾಂಗೆ 350 ಕ್ಯಾಲೊರಿಯ ಆಸುಪಾಸು. ಅರ್ಧ ಕೆಜಿ ತರಿಗೆ 1,750 ಆಯಿತು. ಅದರಲ್ಲಿ 16 ಉಂಡೆ ಬಂದರೆ ಒಂದಕ್ಕೆ ಸುಮಾರು 110. ತೆಂಗಿನಕಾಯಿ ಹಾಕಿದ್ದರೆ ಅದನ್ನೂ ಸೇರಿಸಿ. ಒಟ್ಟಿಗೂ ನೂಪುಟ್ಟಿಗೂ (ಅಕ್ಕಿ ಶಾವಿಗೆ) ಇದೇ ಉಪಾಯ: ಹಾಕಿದ ಅಕ್ಕಿ, ಹಿಟ್ಟಿನ ತೂಕವನ್ನು ಆದ ಒಟ್ಟಿಗಳ ಸಂಖ್ಯೆಯಿಂದ ಭಾಗಿಸುವುದು. ಬೆಂದ ಅನ್ನವಾದರೆ 100 ಗ್ರಾಂಗೆ 130. ಹಸಿಯ ಲೆಕ್ಕವನ್ನು ಬೆಂದದ್ದಕ್ಕೆ ಹಾಕಿ ಗಾಬರಿಯಾಗುವವರು ಬಹಳ ಜನ.

ಪಂದಿ ಕರಿಯಲ್ಲಿ ಈ ಲೆಕ್ಕ ಸ್ವಲ್ಪ ಜಾರುತ್ತದೆ. ಕೊಬ್ಬಿಲ್ಲದ ತುಂಡು ಹಸಿಯಲ್ಲಿ 100 ಗ್ರಾಂಗೆ 150ರ ಸುತ್ತಮುತ್ತ. ಹೊಟ್ಟೆಭಾಗದ ಕೊಬ್ಬಿನ ತುಂಡು 500 ದಾಟುತ್ತದೆ. ಒಂದೇ ಪಾತ್ರೆಯ ಒಂದೇ ಸೌಟು, ಯಾವ ತುಂಡು ಬಂತು ಎನ್ನುವುದರ ಮೇಲೆ ಮೂರು ಪಟ್ಟು ವ್ಯತ್ಯಾಸ. ಆ್ಯಪ್‌ಗೆ ಅದು ಗೊತ್ತಾಗುವುದಿಲ್ಲ. ಹೇಗೂ ಪಂದಿ ಕರಿ ಮಾರನೇ ದಿನವೇ ರುಚಿ, ಅಲ್ವಾ? ಹಿಂದಿನ ದಿನವೇ ಮಾಡಿ, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಮೇಲೆ ಬಿಳಿಯಾಗಿ ಗಟ್ಟಿಯಾದ ಕೊಬ್ಬನ್ನು ಚಮಚದಲ್ಲಿ ತೆಗೆಯಿರಿ. ಒಂದೊಂದು ದೊಡ್ಡ ಚಮಚಕ್ಕೂ 110ಕ್ಕಿಂತ ಜಾಸ್ತಿ ಕ್ಯಾಲೊರಿ ಪಾತ್ರೆಯಿಂದ ಹೊರಗೆ ಹೋದ ಹಾಗೆ. ಕಾಚಂಪುಳಿಯ ಹುಳಿ, ಕರಿಮೆಣಸು ಎಲ್ಲ ಹಾಗೇ ಉಳಿಯುತ್ತವೆ.

ಎಣಿಸುವುದರ ದೊಡ್ಡ ಲಾಭ ಕಣ್ಣು ತೆರೆಸುವುದು. 1992ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ನಡೆಯಿತು. ನಾವು ತಿನ್ನುವುದೇ ಕಡಿಮೆ, ಆದರೂ ಇಳಿಯುತ್ತಿಲ್ಲ ಎನ್ನುತ್ತಿದ್ದ ಕೆಲವರನ್ನು ಪರೀಕ್ಷಿಸಿದಾಗ, ಅವರು ಬರೆದುಕೊಟ್ಟ ಲೆಕ್ಕ ನಿಜವಾಗಿ ತಿಂದದ್ದಕ್ಕಿಂತ 47 ಶೇಕಡ ಕಡಿಮೆ ಇತ್ತು. ಅವರೇನೂ ಸುಳ್ಳುಗಾರರಲ್ಲ. ಅಡುಗೆ ಮಾಡುತ್ತಾ ಬಾಯಿಗೆ ಹಾಕಿಕೊಂಡದ್ದು, ಮಗು ಬಿಟ್ಟದ್ದನ್ನು ಮುಗಿಸಿದ್ದು ಯಾರಿಗೂ ನೆನಪಿರುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಇದು ಎರಡು-ಮೂರು ವಾರ ಮಾಡಬೇಕಾದ ಕೆಲಸ, ಆಯುಷ್ಯವಿಡೀ ಅಲ್ಲ. ಅಷ್ಟರಲ್ಲಿ ನಿಮ್ಮ ಮನೆಯ ಹತ್ತು-ಹದಿನೈದು ತಿನಿಸುಗಳ ಅಂಕಿ ಬಾಯಿಪಾಠ ಆಗಿರುತ್ತದೆ. ಅಂಕಿಗಳನ್ನು ಇಷ್ಟಪಡುವವರಿಗೆ, ಒಬ್ಬರೇ ಇರುವವರಿಗೆ, ಜಿಮ್‌ಗೆ ಹೋಗುವ ಹುಡುಗರಿಗೆ ಮುಂದುವರಿಸುವುದು ಕಷ್ಟವಲ್ಲ. ಪ್ರತಿ ತುತ್ತಿಗೂ ತಪ್ಪಿತಸ್ಥ ಭಾವನೆ ಬರುವ ಸ್ವಭಾವದವರು, ಹಿಂದೆ ಊಟದ ವಿಷಯದಲ್ಲಿ ಮಾನಸಿಕವಾಗಿ ನೊಂದವರು ಇದರ ಹತ್ತಿರ ಹೋಗದಿರುವುದು ಒಳ್ಳೆಯದು.

ತಟ್ಟೆಯ ಅಳತೆ

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ತಟ್ಟೆಯ ಚಿತ್ರವೇ ಇದೆ. ಅರ್ಧದಷ್ಟು ಜಾಗ ತರಕಾರಿ, ಸೊಪ್ಪು, ಹಣ್ಣಿಗೆ. ಉಳಿದ ಅರ್ಧದಲ್ಲಿ ಧಾನ್ಯ, ಬೇಳೆ-ಕಾಳು ಅಥವಾ ಮೊಟ್ಟೆ-ಮಾಂಸ, ಹಾಲು-ಮೊಸರು, ಬೀಜಗಳು. ಮನೆಮಟ್ಟಿಗೆ ಸರಳ ಮಾಡಿಕೊಂಡರೆ ಅರ್ಧ ಪಲ್ಯ, ಕಾಲು ಅನ್ನ, ಕಾಲು ಪ್ರೊಟೀನ್.

ನಮ್ಮ ತಟ್ಟೆ ಹೇಗಿರುತ್ತದೆ? ಐದು ಕಡಂಬುಟ್ಟು ನಡುವೆ, ಸುತ್ತ ಕರಿ, ಅಂಚಿನಲ್ಲಿ ಒಂದು ಚಮಚ ಪಜ್ಜಿ (ಚಟ್ನಿ). ತರಕಾರಿಗೆ ಜಾಗವೇ ಇಲ್ಲ. ಇದನ್ನು ತಿರುಗಿಸಿ ಎರಡು ಕಡಂಬುಟ್ಟು, ಕೈಅಗಲ ಕೊಬ್ಬು ಕಡಿಮೆ ಇರುವ ಮಾಂಸ ಅಥವಾ ಒಂದು ಬಟ್ಟಲು ಗಟ್ಟಿ ಬೇಳೆ, ಉಳಿದ ಜಾಗಕ್ಕೆಲ್ಲ ಪಲ್ಯ ಎಂದು ಇಟ್ಟರೆ ಒಂದು ಹೊತ್ತಿಗೇ 300ರಷ್ಟು ಕ್ಯಾಲೊರಿ ತಗ್ಗುತ್ತದೆ, ಹೊಟ್ಟೆಯೂ ತುಂಬುತ್ತದೆ. ಕೊಡಗಿನವರಿಗೆ ಮಳೆಗಾಲ ಇಲ್ಲೇ ಸಹಾಯಕ್ಕೆ ಬರುವುದು. ಕಣಿಲೆ (ಎಳೆ ಬಿದಿರು), ಅಣಬೆ, ತೆರ್ಮೆ ಸೊಪ್ಪು, ಕೆಸದ ಎಲೆ ಎಲ್ಲವೂ ಹೊಟ್ಟೆ ತುಂಬಿಸುವ, ಕ್ಯಾಲೊರಿ ಇಲ್ಲವೆನ್ನುವಷ್ಟು ಕಡಿಮೆ ಇರುವ ಪದಾರ್ಥಗಳು. ನೆನೆಸಿ ನೀರು ಚೆಲ್ಲಿದ ಕಣಿಲೆ 100 ಗ್ರಾಂಗೆ 30 ಕ್ಯಾಲೊರಿಯೂ ಇರುವುದಿಲ್ಲ. ತೆಂಗಿನಕಾಯಿಯನ್ನು ಧಾರಾಳವಾಗಿ ರುಬ್ಬಿ ಹಾಕಿದರೆ ಮಾತ್ರ ಕಥೆ ಬೇರೆ. ಬೇಸಿಗೆಯಲ್ಲಿ ಸಂತೆಯ ಬೀನ್ಸ್, ಕೋಸು, ಸೌತೆ, ಸೋರೆ ಇದ್ದೇ ಇವೆ.

ಈ ದಾರಿಗೆ ತಕ್ಕಡಿ ಬೇಡ, ಫೋನ್ ಬೇಡ, ಮನೆಮಂದಿಗೆಲ್ಲ ಒಂದೇ ಅಡುಗೆ. ಬಡಿಸಿಕೊಳ್ಳುವಾಗಷ್ಟೇ ವ್ಯತ್ಯಾಸ. ಮದುವೆ ಮನೆಯಲ್ಲೂ ನಡೆಯುತ್ತದೆ. ಖರ್ಚಿನಲ್ಲಿ ತರಕಾರಿಯ ಬಿಲ್ ಸ್ವಲ್ಪ ಏರುತ್ತದೆ, ಅಷ್ಟೇ.

ಆದರೆ ಎಣ್ಣೆ ಇದರ ಕಣ್ಣಿಗೆ ಬೀಳುವುದಿಲ್ಲ. ಎಣ್ಣೆಯಲ್ಲಿ ತೇಲುವ ಪಲ್ಯವೂ ಅರ್ಧ ತಟ್ಟೆ ಪಲ್ಯವೇ, ಕೊಬ್ಬಿನ ಪಂದಿಯೂ ಕಾಲು ತಟ್ಟೆ ಮಾಂಸವೇ. ತಟ್ಟೆ ಸರಿಯಿದ್ದೂ ತೂಕ ಕದಲದಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ಅದಕ್ಕೆ ಮದ್ದು ಮುಂದಿನ ದಾರಿಯಲ್ಲಿದೆ.

ದಿನಸಿ ಚೀಟಿಯ ಲೆಕ್ಕ

ಇದನ್ನು ಯಾರೂ ಮಾರುವುದಿಲ್ಲ, ಹಾಗಾಗಿ ಇದಕ್ಕೆ ಹೆಸರೂ ಇಲ್ಲ. ನನಗೆ ಮಾತ್ರ ಕುಟುಂಬಸ್ಥರಿಗೆ ಎಲ್ಲಕ್ಕಿಂತ ಸುಲಭದ್ದು ಅನ್ನಿಸುತ್ತದೆ. ದಿನದಿನದ ತುತ್ತು ಎಣಿಸುವ ಬದಲು ತಿಂಗಳ ದಿನಸಿಯನ್ನು ಎಣಿಸುವುದು.

ಒಂದು ಲೀಟರ್ ಅಡುಗೆ ಎಣ್ಣೆ ಎಂದರೆ 8,000 ಕ್ಯಾಲೊರಿಗೂ ಮೇಲೆ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಖರ್ಚಾಗುತ್ತಿದ್ದರೆ ತಲೆಗೆ ದಿನಕ್ಕೆ 270 ಕ್ಯಾಲೊರಿ ಬರೀ ಎಣ್ಣೆಯಿಂದ. ಅದನ್ನು ಎರಡೂವರೆ ಲೀಟರಿಗೆ ಇಳಿಸಿದರೆ ತಲಾ 100 ಕ್ಯಾಲೊರಿ ಉಳಿಯಿತು, ಯಾರ ತಟ್ಟೆಯನ್ನೂ ಮುಟ್ಟದೆ. ಸಕ್ಕರೆಯೂ ಹಾಗೆ. ತಲೆಗೆ ತಿಂಗಳಿಗೆ ಒಂದು ಕೆಜಿ ಎಂದರೆ ದಿನಕ್ಕೆ 33 ಗ್ರಾಂ, 130 ಕ್ಯಾಲೊರಿ. ಸಕ್ಕರೆ ದಿನಕ್ಕೆ 25ರಿಂದ 30 ಗ್ರಾಂ ದಾಟದಿರಲಿ ಎನ್ನುವುದು ಮಾರ್ಗಸೂಚಿಯ ಮಾತು, ಅದೂ 2,000 ಕ್ಯಾಲೊರಿ ತಿನ್ನುವವರಿಗೆ. ಬೆಲ್ಲದ ಕಾಫಿ ಕುಡಿಯುತ್ತೇನೆ, ಸಕ್ಕರೆ ಮುಟ್ಟುವುದಿಲ್ಲ ಎನ್ನುವವರಿಗೆ ಒಂದು ಮಾತು: ಕ್ಯಾಲೊರಿಯಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೆಸರಿಗಷ್ಟೇ ವ್ಯತ್ಯಾಸ. ಜೇನುತುಪ್ಪವೂ ಒಂದು ಚಮಚಕ್ಕೆ 20 ಕ್ಯಾಲೊರಿ ಕೊಡುತ್ತದೆ, ಕಾಡಿನದಾದರೂ ಸರಿ, ಪೆಟ್ಟಿಗೆಯದಾದರೂ ಸರಿ.

ಹಾಗಾಗಿ ತಿಂಗಳ ಮೊದಲು ಎಣ್ಣೆ, ಸಕ್ಕರೆ, ಬೆಲ್ಲ, ತುಪ್ಪ, ಬಿಸ್ಕತ್ತು, ಮಿಕ್ಸ್ಚರ್ ಇವಿಷ್ಟರ ಪಟ್ಟಿ ಬರೆದು, ಕಳೆದ ತಿಂಗಳಿಗಿಂತ ಮೂರನೇ ಒಂದು ಭಾಗ ಕಡಿಮೆ ತನ್ನಿ. ಎಣ್ಣೆಯನ್ನು ಬೇರೆ ಬಾಟಲಿಗೆ ಹಾಕಿ ವಾರಕ್ಕಿಷ್ಟು ಎಂದು ಗೆರೆ ಹಾಕಿ. ಮುಗಿದರೆ ಆ ವಾರ ಒಗ್ಗರಣೆ ತೆಳು. ಖರ್ಚಿನ ಬದಲು ಇಲ್ಲಿ ಉಳಿತಾಯವೇ ಆಗುತ್ತದೆ. ಎಣಿಕೆಯನ್ನು ದ್ವೇಷಿಸುವವರಿಗೂ ತಿಂಗಳಿಗೊಮ್ಮೆ ಅಷ್ಟು ಎಣಿಸುವುದು ಭಾರವಲ್ಲ. ಇದರ ಮಿತಿ ಎಂದರೆ ಹೊರಗಿನ ಊಟ. ದಿನಾ ಹೋಟೆಲಲ್ಲಿ ತಿನ್ನುವವರಿಗೆ, ಪೊನ್ನಂಪೇಟೆಯಲ್ಲೋ ಮಡಿಕೇರಿಯಲ್ಲೋ ಹಾಸ್ಟೆಲ್‌ನಲ್ಲಿರುವವರಿಗೆ ಇದರಿಂದ ಪ್ರಯೋಜನ ಇಲ್ಲ. ಅನ್ನದ ರಾಶಿಯೇ ಸಮಸ್ಯೆ ಆಗಿರುವವರಿಗೂ ಇದೊಂದೇ ಸಾಲದು.

ಹೊತ್ತಿನ ಕಟ್ಟುಪಾಡು

ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಮಾತ್ರ ತಿನ್ನುವುದು, ಉಳಿದ 16 ಗಂಟೆ ನೀರು, ಸಕ್ಕರೆ-ಹಾಲಿಲ್ಲದ ಕಾಫಿ. ಕೇಳುವುದಕ್ಕೆ ಮೋಜಾಗಿದೆ, ಪೈಸೆ ಖರ್ಚಿಲ್ಲ. ಹೊತ್ತು ಕಟ್ಟಿದರೆ ಏನೋ ವಿಶೇಷ ಕೊಬ್ಬು ಕರಗುತ್ತದೆ ಎಂಬ ಮಾತನ್ನು ಮಾತ್ರ ನಂಬಬೇಡಿ. ಚೀನಾದ ಗ್ವಾಂಗ್‌ಝೌನಲ್ಲಿ ದಪ್ಪಗಿದ್ದ 139 ಜನರ ಮೇಲೆ ಒಂದು ವರ್ಷ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಕ್ಯಾಲೊರಿ ಕಡಿಮೆ ಮಾಡಲಾಗಿತ್ತು, ಅರ್ಧ ಜನರಿಗೆ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಮಾತ್ರ ತಿನ್ನಲು ಹೇಳಲಾಗಿತ್ತು. ಹೊತ್ತು ಕಟ್ಟಿದವರು ಸರಾಸರಿ 8 ಕೆಜಿ, ಕಟ್ಟದವರು 6.3 ಕೆಜಿ ಇಳಿದರು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅದು ವ್ಯತ್ಯಾಸವೇ ಅಲ್ಲ.

ಆದರೂ ಕೆಲವರಿಗೆ ಇದು ಹೇಳಿಮಾಡಿಸಿದ ಹಾಗಿದೆ. ರಾತ್ರಿ ಟೀವಿ ಮುಂದೆ ತಿನ್ನುವವರು, ಹೋಮ್‌ಸ್ಟೇ ನಡೆಸುವವರು. ಹೋಮ್‌ಸ್ಟೇ ಅಡುಗೆಮನೆಯ ಕಷ್ಟ ಅಲ್ಲಿ ನಿಂತವರಿಗೇ ಗೊತ್ತು. ಅತಿಥಿಗಳಿಗೆ ರುಚಿ ನೋಡುತ್ತಾ ಒಂದಿಷ್ಟು, ಒಂಬತ್ತೂವರೆಗೆ ಅವರು ಊಟ ಮುಗಿಸಿದ ಮೇಲೆ ಉಳಿದದ್ದು ಹಾಳಾಗಬಾರದು ಅಂತ ಒಂದಿಷ್ಟು. ಅಂಥವರು ಏಳಕ್ಕೆ ತಮ್ಮ ಊಟ ಮುಗಿಸಿ, ಆಮೇಲೆ ಬಾಯಿಗೆ ಬೀಗ ಹಾಕಿಕೊಂಡರೆ ಬೇರೇನೂ ಮಾಡಬೇಕಿಲ್ಲ. ಉಪ್ಪು ನೋಡಲು ಮನೆಯಲ್ಲಿ ಬೇರೆ ನಾಲಿಗೆಗಳೂ ಇರುತ್ತವೆ.

ಮದುವೆಯ ದಿನ ಇದು ಮುರಿಯುತ್ತದೆ, ಮರುದಿನ ಮತ್ತೆ ಹಿಡಿಯಬಹುದು. ಆದರೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಹೊತ್ತು ಬಿಡಬಾರದು. ಸಕ್ಕರೆ ಮಟ್ಟ ಒಮ್ಮೆಲೇ ಕುಸಿದು ಬೀಳುವ ಅಪಾಯ ನಿಜವಾದದ್ದು. ಬೆಳಗಿನಿಂದ ತೋಟದಲ್ಲಿ ಮೈಮುರಿದು ಕೆಲಸ ಮಾಡುವವರಿಗೂ ಇದು ಹೊಂದುವುದಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಂತೂ ಬೇಡವೇ ಬೇಡ.

ಅನ್ನ-ಒಟ್ಟಿ ಬಿಡುವುದು

ಮೊದಲ ವಾರದಲ್ಲೇ ಎರಡು ಕೆಜಿ ಇಳಿಯಿತು ಎಂದು ಖುಷಿಪಡುವವರು ಈ ದಾರಿಯವರು. ಅದರಲ್ಲಿ ಬಹುಪಾಲು ನೀರು. ದೇಹ ಪಿಷ್ಟವನ್ನು ಕೂಡಿಡುವಾಗ ಅದರ ಮೂರರಷ್ಟು ನೀರನ್ನೂ ಹಿಡಿದಿಟ್ಟಿರುತ್ತದೆ. ಪಿಷ್ಟ ಖಾಲಿಯಾದಾಗ ನೀರೂ ಹೊರಟುಹೋಗುತ್ತದೆ. ಪುತ್ತರಿಗೆ ತಂಬಿಟ್ಟು ತಿಂದ ಮರುದಿನ ಅದು ವಾಪಸ್.

ನೀರಿನ ಆಟ ಮುಗಿದ ಮೇಲೂ ಕೆಲವರು ನಿಜವಾಗಿ ಇಳಿಯುತ್ತಾರೆ, ಪ್ರೊಟೀನ್ ಜಾಸ್ತಿಯಾಗಿ ಹಸಿವು ತಗ್ಗುವುದರಿಂದ. ಸಕ್ಕರೆ ಕಾಯಿಲೆ ಇರುವವರಿಗೆ ಲಾಭವೂ ಇದೆ, ಮಾತ್ರೆಯ ಡೋಸ್ ಬದಲಾಯಿಸಬೇಕಾಗುವುದರಿಂದ ವೈದ್ಯರಿಗೆ ಹೇಳಿಯೇ ಮಾಡಬೇಕು. ಆದರೆ ಒಟ್ಟಿ ಬಿಟ್ಟ ಜಾಗವನ್ನು ಕೊಬ್ಬಿನ ಪಂದಿ ತುಂಬಿದರೆ ಕ್ಯಾಲೊರಿ ಉಳಿಯುವುದೂ ಇಲ್ಲ, ಕೊಲೆಸ್ಟರಾಲ್ ಮೇಲೇರುವುದೂ ಉಂಟು. ಕಿಡ್ನಿ ತೊಂದರೆ ಇರುವವರು ಪ್ರೊಟೀನ್ ಏರಿಸುವ ಮೊದಲು ಪರೀಕ್ಷೆ ಮಾಡಿಸಲಿ. ಅನ್ನವೇ ಬೆನ್ನೆಲುಬಾಗಿರುವ ಊರಿನಲ್ಲಿ ಇದನ್ನು ಆರು ತಿಂಗಳು ನಡೆಸಿದವರು ಕಡಿಮೆ. ಒಲೆಯೂ ಎರಡಾಗುತ್ತದೆ, ಮಾಂಸ-ಮೊಟ್ಟೆಯ ಖರ್ಚೂ ಏರುತ್ತದೆ. ಸಸ್ಯಾಹಾರಿಗಳಿಗಂತೂ ಪನೀರ್, ಸೋಯಾ ಬಿಟ್ಟರೆ ದಾರಿ ಕಿರಿದು.

ಇದರ ಸೌಮ್ಯ ರೂಪ ಅನ್ನದ ಬದಲು ಚಪಾತಿ, ರಾಗಿಗೆ ಹೋಗುವುದು. ತೂಕದ ಮಟ್ಟಿಗೆ ಇದರಲ್ಲಿ ಹೆಚ್ಚು ಸಿಗುವುದಿಲ್ಲ. ಅಕ್ಕಿ, ಗೋಧಿ, ರಾಗಿ ಎಲ್ಲವೂ ಒಣಗಿದ್ದು 100 ಗ್ರಾಂಗೆ 320ರಿಂದ 360ರ ಒಳಗೇ ಇವೆ. ರಾಗಿಯ ನಾರಿನಿಂದ ಹೊಟ್ಟೆ ಬೇಗ ತುಂಬಬಹುದು. ಆದರೆ ಎರಡು ಒಟ್ಟಿ ಬಿಟ್ಟು ಎಣ್ಣೆ ಸವರಿದ ನಾಲ್ಕು ಚಪಾತಿ ತಿಂದರೆ ಲೆಕ್ಕ ಹಿಂದಕ್ಕೇ ಹೋಗುತ್ತದೆ.

ಡಬ್ಬಿ, ಪ್ಯಾಕೇಜು, ಸೂಜಿ

ಶೇಕ್ ಪೌಡರ್‌ಗೆ ತಿಂಗಳಿಗೆ ಸಾವಿರಗಟ್ಟಲೆ ಹೋಗುತ್ತದೆ. ಕುಡಿಯುವಷ್ಟು ದಿನ ಇಳಿಯುತ್ತೀರಿ, ಏಕೆಂದರೆ ಒಂದು ಹೊತ್ತಿನ ಊಟ ತಪ್ಪಿರುತ್ತದೆ. ಡಬ್ಬಿ ಖಾಲಿಯಾದ ಮೇಲೆ ಕಡಂಬುಟ್ಟಿನ ಮುಂದೆ ಕೂತಾಗ ಏನು ಮಾಡಬೇಕು ಎನ್ನುವುದನ್ನು ಅದು ಕಲಿಸಿರುವುದಿಲ್ಲ. ಅದೇ ದುಡ್ಡಿನಲ್ಲಿ ಓದಿದ ಆಹಾರ ತಜ್ಞರನ್ನು ಎರಡು ಸಲ ಕಂಡು ಬರಬಹುದು. ಕೈ ಬಿಗಿ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕನಿಷ್ಠ ಬಿ.ಪಿ., ಸಕ್ಕರೆ ನೋಡಿಸಿಕೊಂಡು ಶುರು ಮಾಡಿ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಸೂಜಿಗಳು ಹಸಿವನ್ನೇ ತಗ್ಗಿಸುತ್ತವೆ, ಕೆಲಸವೂ ಮಾಡುತ್ತವೆ. ಆದರೆ ಅವು ವೈದ್ಯರ ಚೀಟಿ ಇಲ್ಲದೆ ಮುಟ್ಟುವಂಥವಲ್ಲ. ಐದಾರು ಕೆಜಿ ಇಳಿಸಬೇಕಾದವರ ಪ್ರಶ್ನೆ ಅದಲ್ಲ.

ಗ್ಲಾಸಿನಲ್ಲಿ ಬರುವುದು

ಯಾವ ದಾರಿ ಹಿಡಿದರೂ ಇದು ಜಾರಿಕೊಳ್ಳುತ್ತದೆ. ತಟ್ಟೆಯಲ್ಲಿ ಕಾಣುವುದಿಲ್ಲ, ಆ್ಯಪ್‌ಗೆ ಹಾಕಲು ನಾಚಿಕೆ, ದಿನಸಿ ಚೀಟಿಯಲ್ಲಿ ಬರೆಯುವುದಿಲ್ಲ. ಒಂದು ಗ್ರಾಂ ಮದ್ಯಸಾರಕ್ಕೆ 7 ಕ್ಯಾಲೊರಿ. 60 ಮಿ.ಲೀ. ವಿಸ್ಕಿ ಎಂದರೆ 140. ಎರಡು ಪೆಗ್‌ಗೆ 280, ಸೋಡಾ ಬದಲು ಕೋಲಾ ಬೆರೆಸಿದರೆ ಇನ್ನೊಂದು 130, ಜೊತೆಗೆ ಹುರಿದ ಪಂದಿ. 650 ಮಿ.ಲೀ. ಬಿಯರ್ ಬಾಟಲಿ 250ಕ್ಕೆ ಕಡಿಮೆ ಇಲ್ಲ, ಸ್ಟ್ರಾಂಗ್ ಆದರೆ ಇನ್ನೂ ಮೇಲೆ. ಮನೆ ವೈನ್ ಸಿಹಿಯಾಗಿದ್ದಷ್ಟೂ ಲೆಕ್ಕ ಜೋರು. ವಾರದಲ್ಲಿ ನಾಲ್ಕು ಸಂಜೆ ಎರಡೆರಡು ಪೆಗ್ ಹಾಕುವವರು ಅದನ್ನು ಎರಡು ಸಂಜೆಗೆ ಇಳಿಸಿದರೆ, ಒಟ್ಟಿ ಒಂದನ್ನೂ ಬಿಡದೆ ವಾರಕ್ಕೆ 560 ಉಳಿಸಿದ ಹಾಗಾಯಿತು.

ಬೆಣ್ಣೆಹಣ್ಣನ್ನೂ ಇಲ್ಲೇ ಹೇಳಿಬಿಡುತ್ತೇನೆ. ತೋಟದಲ್ಲಿ ಬಿದ್ದು ಹಾಳಾಗುತ್ತದೆ ಅಂತ ಮಳೆಗಾಲವಿಡೀ ಜ್ಯೂಸ್ ಮಾಡುವ ಮನೆಗಳಿವೆ. ಹಣ್ಣು ಒಳ್ಳೆಯದೇ, ಆದರೆ ತಿರುಳು 100 ಗ್ರಾಂಗೆ 160 ಕ್ಯಾಲೊರಿ. ದೊಡ್ಡ ಹಣ್ಣೊಂದರ 200 ಗ್ರಾಂ ತಿರುಳಿಗೆ ಹಾಲು, ಎರಡು ದೊಡ್ಡ ಚಮಚ ಸಕ್ಕರೆ ಸೇರಿದರೆ 500 ದಾಟುತ್ತದೆ. ಅದು ಒಂದು ಹೊತ್ತಿನ ಊಟ. ಅರ್ಧ ಹಣ್ಣಿಗೆ ಉಪ್ಪು, ಕಾಳುಮೆಣಸು ಹಾಕಿ ಚಮಚದಲ್ಲಿ ತಿಂದರೆ 160ಕ್ಕೆ ಮುಗಿಯುತ್ತದೆ. ಕೊಡಗಿನ ಕಿತ್ತಳೆಯಾದರೆ ಒಂದಕ್ಕೆ 50ರ ಸುತ್ತ, ಅದನ್ನು ಧೈರ್ಯವಾಗಿ ತಿನ್ನಿ.

ನಡೆದು ಕರಗಿಸುತ್ತೇನೆ ಬಿಡಿ ಎನ್ನುವವರಿಗೆ: 70 ಕೆಜಿಯವರು ಒಂದು ಗಂಟೆ ಬಿರುಸಾಗಿ ನಡೆದರೆ 250ರಿಂದ 300 ಖರ್ಚಾಗುತ್ತದೆ. ನಡೆಯಬೇಕು, ಮಾಂಸಖಂಡ ಉಳಿಯಲು, ಇಳಿದದ್ದು ಮತ್ತೆ ಏರದಿರಲು. ಎರಡು ಪೆಗ್‌ನ ಲೆಕ್ಕವನ್ನು ಸರಿದೂಗಿಸಲು ಅದೊಂದನ್ನೇ ನಂಬಿದರೆ ಜೂನ್‌ನಲ್ಲಿ ಮಳೆ ಬಂದಾಗ ಏನು ಮಾಡುತ್ತೀರಿ?

ಹಾಗಾದರೆ ಯಾರಿಗೆ ಯಾವುದು?

ಮನೆಯವರಿಗೆಲ್ಲ ಅಡುಗೆ ಮಾಡುವ, ತಕ್ಕಡಿ-ಫೋನ್ ಅಂದರೆ ಬೇಸರವಾಗುವ ಗೃಹಿಣಿಗೆ ನಾನು ಹೇಳುವುದು ದಿನಸಿ ಚೀಟಿ ಮತ್ತು ತಟ್ಟೆಯ ಅಳತೆ, ಎರಡೂ ಒಟ್ಟಿಗೆ. ಒಂದು ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ಅನ್ನವನ್ನು. ಕಡಿಮೆ ಆದಾಯದ ಮನೆಗೂ ಇದೇ ಸರಿ. ಪಲ್ಯಕ್ಕೆ ದುಡ್ಡು ಸಾಲದಿದ್ದರೆ ಹಿತ್ತಲಿನ ಪಪ್ಪಾಯಿ ಕಾಯಿ, ಬಾಳೆದಿಂಡು, ನುಗ್ಗೆ ಸೊಪ್ಪು ಇವೆ.

ಕ್ಲಬ್ಬು, ಮದುವೆ, ಸಂಜೆಯ ಕೂಟ ಎಂದು ಓಡಾಡುವ ಐವತ್ತರ ಬೆಳೆಗಾರರು ಮೊದಲು ಗ್ಲಾಸಿನ ಲೆಕ್ಕ ಸರಿಮಾಡಲಿ. ಆಮೇಲೂ ಬೇಕಾದರೆ ತಟ್ಟೆಯ ಅಳತೆ. ಇವರಿಗೆ ಒಟ್ಟಿ ಬಿಡುವ ಪಥ್ಯ ಆಕರ್ಷಕವಾಗಿ ಕಾಣುತ್ತದೆ, ಏಕೆಂದರೆ ಅದು ಪಂದಿಯನ್ನೂ ಪೆಗ್ಗನ್ನೂ ಮುಟ್ಟುವುದಿಲ್ಲ. ಅದೇ ಕಾರಣಕ್ಕೆ ನನಗೆ ಅನುಮಾನ.

ಆಫೀಸಿನಲ್ಲಿ ಕೂರುವ, ಒಬ್ಬರೇ ಬಾಡಿಗೆ ಮನೆಯಲ್ಲಿರುವ ಯುವಕ-ಯುವತಿಯರಿಗೆ ಮೂರು ವಾರ ಆ್ಯಪ್, ಆಮೇಲೆ ತಟ್ಟೆ. ಹಾಸ್ಟೆಲ್‌ನವರಿಗೆ ಅಡುಗೆಯ ಮೇಲೆ ಹಿಡಿತ ಇಲ್ಲ, ಹೊತ್ತಿನ ಮೇಲೆ ಇದೆ. ಅವರು ರಾತ್ರಿಯ ನೂಡಲ್ಸ್, ಬೇಕರಿ ಪಫ್ ನಿಲ್ಲಿಸಿ ಎರಡು ಮೊಟ್ಟೆ ಸೇರಿಸಿದರೆ ಸಾಕು. ಹೋಮ್‌ಸ್ಟೇಯವರಿಗೆ ಏಳು ಗಂಟೆಯ ಬೀಗ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿದ್ದು ದಿನವಿಡೀ ದುಡಿಯುವವರಿಗೆ ತೂಕ ಇದ್ದರೂ ಊಟ ಬಿಡುವ ಯಾವ ದಾರಿಯೂ ಬೇಡ. ಸಿಹಿ ಚಹಾದ ಸಕ್ಕರೆ ಅರ್ಧ ಮಾಡಿ ಬೇಳೆ, ಮೊಟ್ಟೆ ಜಾಸ್ತಿ ಮಾಡಿದರೆ ಆಯಿತು. ಅರವತ್ತು ದಾಟಿದವರು ತೂಕಕ್ಕಿಂತ ಪ್ರೊಟೀನ್ ಕಡೆ ಗಮನ ಇಡಲಿ. ಆ ವಯಸ್ಸಿನಲ್ಲಿ ಕರಗಿದ ಮಾಂಸಖಂಡ ಮತ್ತೆ ಬರುವುದು ಕಷ್ಟ.

ಆರಿಸಿಕೊಂಡದ್ದನ್ನು ನಾಲ್ಕು ವಾರ ಬದಲಾಯಿಸದೆ ನಡೆಸಿ. ವಾರಕ್ಕೊಮ್ಮೆ, ಬೆಳಿಗ್ಗೆ ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ, ಸಮತಟ್ಟಾದ ನೆಲದಲ್ಲಿ ತೂಕ ನೋಡಿ ಬರೆದಿಡಿ. ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ನೀರು ತುಂಬಿ ಒಂದು-ಒಂದೂವರೆ ಕೆಜಿ ಜಾಸ್ತಿ ಕಾಣಿಸಬಹುದು. ಹಾಗಾಗಿ ಹಿಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸಿ. ಸೊಂಟದ ಸುತ್ತಳತೆಯನ್ನೂ ಟೇಪಿನಲ್ಲಿ ತಿಂಗಳಿಗೊಮ್ಮೆ ನೋಡಿ, ತೂಕ ನಿಂತಾಗಲೂ ಅದು ತಗ್ಗುತ್ತಿರುವುದುಂಟು. ಎರಡೂ ಕದಲದಿದ್ದರೆ ಇನ್ನೊಂದು 100-150 ಕ್ಯಾಲೊರಿ ಕಡಿಮೆ ಮಾಡಿ, ಅಥವಾ ಒಂದು ವಾರ ಆ್ಯಪ್ ಹಾಕಿ ಎಲ್ಲಿ ಸೋರುತ್ತಿದೆ ಎಂದು ಹುಡುಕಿ. ಅದರ ಮೇಲೂ ಏನೂ ಆಗದಿದ್ದರೆ, ಜೊತೆಗೆ ಸುಸ್ತು, ಚಳಿ, ಮಲಬದ್ಧತೆ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ತಿಂಗಳಿಗೆ ನಾಲ್ಕು ಕೆಜಿಗಿಂತ ಜಾಸ್ತಿ ಇಳಿಯುತ್ತಿದ್ದರೆ, ತಲೆ ಸುತ್ತಿದರೆ, ಕೂದಲು ಉದುರತೊಡಗಿದರೆ ಊಟ ಸ್ವಲ್ಪ ಹೆಚ್ಚಿಸಿ, ವೈದ್ಯರನ್ನೂ ಕಾಣಿ. ಪ್ರಯತ್ನವೇ ಇಲ್ಲದೆ ತೂಕ ಇಳಿಯುತ್ತಿದ್ದರಂತೂ ಕಾಯಬೇಡಿ, ಆ ವಾರವೇ ಹೋಗಿ ತೋರಿಸಿ.